ತಪ್ಪು ಮಾಡುವ ದಿನಕ್ಕೊಂದು ಮೀಟರು

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ಲಾಜಪತ್ ರಾಯ್ ಮಾರ್ಕೆಟ್, ಬೆಂಗಳೂರಿನ ಎಸ್‌.ಪಿ. ರೋಡ್. ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವ ಯಾವ ಬೀದಿಗೆ ಹೋಗಿ ಕಾರಿನ ಕೆಲಸಕ್ಕೊಂದು ಮಲ್ಟಿಮೀಟರ್ ಬೇಕೆಂದರೂ ಸಾಮಾನ್ಯವಾಗಿ ಸಿಗುವ ಸಲಹೆ ಎರಡು. ‘ಕಾರಲ್ಲಿರೋದು 12 ವೋಲ್ಟು ತಾನೇ, 250 ರೂಪಾಯಿಯದು ಸಾಕು’ ಎಂಬುದು ಒಂದು. ‘ತಗೊಂಡ್ರೆ ಫ್ಲೂಕ್ ತಗೊಳ್ಳಿ, ಇಲ್ಲಾಂದ್ರೆ ಸುಮ್ಮನಿರಿ’ ಎಂಬುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದು ಕೈ ಸುಡುವ ತಪ್ಪು. ಎರಡನೆಯದು ಅದಕ್ಕೆ ಬೆನ್ನೆಲುಬಾಗಿ ನಿಂತ ತಪ್ಪು. ಸಾವಿರಾರು ರೂಪಾಯಿಯ ಬೆಲೆ ಕೇಳಿ ಬೆಚ್ಚಿದವನು ತಿರುಗಿ ಬರುವುದು ಆ 250 ರೂಪಾಯಿಯ ಹಳದಿ ಡಬ್ಬಿಯ ಕಡೆಗೇ.

‘12 ವೋಲ್ಟು ತಾನೇ’ ಎನ್ನುವವರು ಮರೆಯುವುದು ಆಂಪಿಯರನ್ನು. ಒಣಗಿದ ಕೈಯಿಂದ ಕಾರಿನ ಬ್ಯಾಟರಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಸೆಲ್ಫ್ ಹೊಡೆದಾಗ ಅದೇ ಬ್ಯಾಟರಿ ನೂರು ಆಂಪಿಯರಿಗೂ ಹೆಚ್ಚು ಕೊಡುತ್ತದೆ. ಶಾರ್ಟ್ ಆದರೆ ಹಲವು ನೂರು. ಬೆರಳಿನ ಉಂಗುರ ಪಾಸಿಟಿವ್ ಟರ್ಮಿನಲ್ಲಿಗೂ ಬಾಡಿಗೂ ನಡುವೆ ಸಿಕ್ಕಿಕೊಂಡರೆ ಕ್ಷಣದಲ್ಲಿ ಕೆಂಡವಾಗುತ್ತದೆ. ಅನುಭವಸ್ಥ ಆಟೋ ಎಲೆಕ್ಟ್ರಿಷಿಯನ್ನರು ಉಂಗುರ, ವಾಚು ತೆಗೆದಿಟ್ಟು ಕೆಲಸಕ್ಕೆ ಇಳಿಯುವುದು ಇದಕ್ಕೇ. ಮನೆಯ ಪ್ಲಗ್ಗಿನ ಹಿಂದೆ ಎಂಸಿಬಿ ಇರುತ್ತದೆ. ಬ್ಯಾಟರಿಯ ಟರ್ಮಿನಲ್ಲಿಗೂ ಮೀಟರಿನ ಕಡ್ಡಿಗೂ ನಡುವೆ ಏನೂ ಇಲ್ಲ. ಮೀಟರಿನ ಒಳಗಿರುವ ಫ್ಯೂಸೊಂದೇ ಕಾವಲು.

ಅಗ್ಗದ ಮೀಟರಿನಲ್ಲಿ ಆ ಕಾವಲೂ ಇಲ್ಲ. ಡಿಟಿ-830 ಮತ್ತು ಅದರ ಲೆಕ್ಕವಿಲ್ಲದ ನಕಲುಗಳಲ್ಲಿ 10 ಆಂಪಿಯರ್ ಎಂದು ಬರೆದ ತೂತಿನ ಪಕ್ಕದಲ್ಲಿ, ಕನ್ನಡಕ ಹಾಕಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ‘ಅನ್‌ಫ್ಯೂಸ್ಡ್’ ಎಂದಿರುತ್ತದೆ. ಈ ದಾರಿಯಲ್ಲಿ ಫ್ಯೂಸ್ ಇಲ್ಲ ಎಂದು ತಯಾರಕನೇ ಒಪ್ಪಿಕೊಂಡಿರುವ ಮಾತು ಅದು. ಆಂಪಿಯರ್ ಅಳೆಯುವಾಗ ಮೀಟರ್ ಹೆಚ್ಚುಕಡಿಮೆ ಒಂದು ದಪ್ಪ ತಂತಿಯಂತೆ ವರ್ತಿಸುತ್ತದೆ. ಕೆಂಪು ಕಡ್ಡಿಯನ್ನು ಆ ತೂತಿನಿಂದ ಕಿತ್ತು ವೋಲ್ಟಿನ ತೂತಿಗೆ ಹಾಕಲು ಮರೆತು ಬ್ಯಾಟರಿಗೆ ಮುಟ್ಟಿಸಿದರೆ, ಬ್ಯಾಟರಿಯ ಎರಡು ತುದಿಗಳನ್ನು ತಂತಿಯಿಂದ ಕಟ್ಟಿದಂತೆ. ಕೇಬಲ್ಲಿನ ಪ್ಲಾಸ್ಟಿಕ್ ಕರಗುತ್ತದೆ. ಅದನ್ನು ಹಿಡಿದಿರುವುದು ಒಂದು ಕೈ.

ಇಂಥ ತಪ್ಪು ಯಾರು ಮಾಡುತ್ತಾರೆ ಎಂದು ಕೇಳಬಹುದು. ಎಲ್ಲರೂ ಮಾಡುತ್ತಾರೆ, ಅದರಲ್ಲೂ ಕಲಿಯುವವರು. ಆಡುಮಾತಂತೂ ಈ ತಪ್ಪಿನ ಕಡೆಗೇ ದೂಡುತ್ತದೆ. ಕನ್ನಡದಲ್ಲಿ ‘ಕರೆಂಟ್’ ಎಂದರೆ ಎಲ್ಲವೂ ಹೌದು: ವಿದ್ಯುತ್ತು, ವೋಲ್ಟೇಜು, ಶಾಕು. ಕರೆಂಟ್ ಹೋಗುತ್ತದೆ, ಕರೆಂಟ್ ಹೊಡೆಯುತ್ತದೆ, ಕರೆಂಟ್ ಬಿಲ್ ಬರುತ್ತದೆ. ‘ಹೆಡ್‌ಲೈಟಿಗೆ ಕರೆಂಟ್ ಬರ್ತಾ ಇದೆಯಾ ನೋಡೋ’ ಎಂದು ಮೇಸ್ತ್ರಿ ಹೇಳಿದಾಗ ಅವರ ಮನಸ್ಸಿನಲ್ಲಿರುವುದು ವೋಲ್ಟೇಜು. ಹುಡುಗ ಮೀಟರ್ ನೋಡುತ್ತಾನೆ. ಅದರ ಮೇಲೆ ಕರೆಂಟ್ ಎಂದರೆ ಆಂಪಿಯರ್, ಹಾಗೆಂದು ಐಟಿಐಯಲ್ಲಿ ಕಲಿತಿದ್ದಾನೆ. ಕಡ್ಡಿ ಆ ತೂತಿಗೆ ಹೋಗುತ್ತದೆ. ಹುಡುಗ ದಡ್ಡನಲ್ಲ, ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದಾನೆ.

ಸಿಟ್ಟು ಬರಬೇಕಾದ್ದು ಇಲ್ಲಿ. ಮೇಸ್ತ್ರಿಯ ಒಳ್ಳೆಯ ಮೀಟರ್ ಬೀರುವಿನಲ್ಲಿರುತ್ತದೆ. ಹುಡುಗನ ಕೈಗೆ ಸಿಗುವುದು ಹಳದಿ ಡಬ್ಬಿ. ಇಪ್ಪತ್ತು ವರ್ಷ ಕೆಲಸ ಮಾಡಿ ಕೈ ಪಳಗಿದವನ ಬಳಿ ತಪ್ಪನ್ನು ತಡೆದುಕೊಳ್ಳುವ ಮೀಟರು. ತಪ್ಪು ಮಾಡಿಯೇ ಕಲಿಯಬೇಕಾದವನ ಬಳಿ ಒಂದು ತಪ್ಪನ್ನೂ ತಡೆಯದ ಮೀಟರು.

ಗ್ಯಾರೇಜಿನವರಿಗೂ ಒಂದು ವಾದವಿದೆ. ಹುಡುಗರು ಮೀಟರನ್ನು ಬೀಳಿಸುತ್ತಾರೆ, ಬಾನೆಟ್ಟಿನೊಳಗೆ ಮರೆತು ಮುಚ್ಚುತ್ತಾರೆ, ಗ್ರೀಸ್ ಮೆತ್ತುತ್ತಾರೆ. ದುಬಾರಿಯದನ್ನು ಕೊಟ್ಟು ಯಾಕೆ ಹಾಳು ಮಾಡಬೇಕು? ಲೆಕ್ಕ ಹಾಕಿದರೆ ಈ ವಾದ ನಿಲ್ಲುವುದಿಲ್ಲ. ವರ್ಷಕ್ಕೆ ಆರು ಹಳದಿ ಡಬ್ಬಿ ಹಾಳಾದರೆ 1,500 ರೂಪಾಯಿ ಆಯಿತು. ಆ ಹಣದ ಆಸುಪಾಸಿನಲ್ಲಿ ರಬ್ಬರ್ ಕವಚವಿರುವ, ಎರಡೂ ಆಂಪಿಯರ್ ದಾರಿಗೆ ಫ್ಯೂಸ್ ಇರುವ ಮೀಟರ್ ಸಿಗುತ್ತದೆ. ಫ್ಲೂಕ್ ಒಳ್ಳೆಯ ಮೀಟರಲ್ಲ ಎಂದು ಯಾರೂ ಹೇಳಲಾರರು. ಆದರೆ ಅದಿಲ್ಲದೆ ಕಾರಿನ ಕೆಲಸ ಆಗದು ಎಂಬುದು ಅಂಗಡಿಯ ಮಾತು.

ಹಾಗಾದರೆ ಕೊಳ್ಳುವಾಗ ನೋಡಬೇಕಾದ್ದೇನು? ಮೊದಲು ಫ್ಯೂಸ್. 10 ಆಂಪಿಯರಿನ ದಾರಿಗೆ ಫ್ಯೂಸ್ ಇರಲೇಬೇಕು; ಗಾಜಿನದಕ್ಕಿಂತ ಮರಳು ತುಂಬಿದ ಸೆರಾಮಿಕ್ ಫ್ಯೂಸ್ ಮೇಲು. ಸುಟ್ಟರೆ ಬದಲಿ ಫ್ಯೂಸ್ ಊರಿನಲ್ಲೇ ಸಿಗುತ್ತದೆಯೇ ಎಂದು ಆಗಲೇ ಕೇಳಬೇಕು. ಸಿಗದಿದ್ದರೆ ಯಾರೋ ಅಲ್ಲಿ ತಂತಿ ಸುತ್ತುತ್ತಾರೆ, ಅಲ್ಲಿಗೆ ಕೊಟ್ಟ ದುಡ್ಡೆಲ್ಲ ವ್ಯರ್ಥ. ಆಮೇಲೆ ಕಡ್ಡಿಗಳು. ಪಿವಿಸಿ ಕೇಬಲ್ ಎಂಜಿನ್ನಿನ ಬಿಸಿಗೆ ಮೆತ್ತಗಾಗಿ, ಕಾಲಕ್ರಮೇಣ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸಿಲಿಕಾನ್ ಕೇಬಲ್ ಬಾಳಿಕೆ ಬರುತ್ತದೆ, ಬೇರೆಯಾಗಿಯೂ ಸಿಗುತ್ತದೆ. ಮೂರನೆಯದು, ಒಳಗಿನ ಪ್ರತಿರೋಧ. ಕಾರಿನ ಸೆನ್ಸರ್ ಸರ್ಕ್ಯೂಟುಗಳಿಗೆ 10 ಮೆಗಾ ಓಮ್ ಬೇಕು. ಡಿಟಿ-830 ಜಾತಿಯಲ್ಲಿರುವುದು 1 ಮೆಗಾ ಓಮ್. ನಾಲ್ಕನೆಯದು, ಕನಿಷ್ಠ-ಗರಿಷ್ಠ ಹಿಡಿದಿಡುವ ಗುಂಡಿ. ಸೆಲ್ಫ್ ಹೊಡೆದ ಕ್ಷಣದಲ್ಲಿ ವೋಲ್ಟೇಜ್ ಎಷ್ಟಕ್ಕೆ ಇಳಿಯಿತೆಂದು ಕಣ್ಣು ಹಿಡಿಯಲಾರದು, ಆ ಗುಂಡಿ ಹಿಡಿಯುತ್ತದೆ.

ದುಡ್ಡು ಸುರಿಯಬಾರದ ಕಡೆಗಳೂ ಇವೆ. ‘ಆಟೋಮೋಟಿವ್’ ಎಂಬ ಹೆಸರಿನಲ್ಲಿ ಡ್ವೆಲ್ ಕೋನ ತೋರಿಸುವ ಮೀಟರುಗಳು ಇನ್ನೂ ಮಾರಾಟವಾಗುತ್ತಿವೆ. ಡ್ವೆಲ್ ಅಳೆಯುತ್ತಿದ್ದದ್ದು ಕಾಂಟ್ಯಾಕ್ಟ್ ಬ್ರೇಕರ್ ಪಾಯಿಂಟಿದ್ದ ಕಾಲದಲ್ಲಿ. ಇಂದಿನ ಕಾರಿನಲ್ಲಿ ಆ ಪಾಯಿಂಟೇ ಇಲ್ಲ. ಎ.ಸಿ. ಮಾತ್ರ ಅಳೆಯುವ ಕ್ಲ್ಯಾಂಪ್ ಮೀಟರ್ ಕಾರಿನ ಡಿ.ಸಿ.ಗೆ ಉಪಯೋಗವಿಲ್ಲ, ಆದರೂ ಅದು ಅಗ್ಗವೆಂದು ಕೊಂಡು ಬರುವವರಿದ್ದಾರೆ. ಮುಖದ ಮೇಲೆ ದೊಡ್ಡದಾಗಿ ಅಚ್ಚಾದ ‘ಕ್ಯಾಟ್’ ದರ್ಜೆಯನ್ನು ಮಾತ್ರ ನೋಡಿ ನಂಬುವಂತಿಲ್ಲ. ಒಳಗೆ ಪುಟ್ಟ ಗಾಜಿನ ಫ್ಯೂಸ್ ಇಟ್ಟುಕೊಂಡು ಹೊರಗೆ 1,000 ವೋಲ್ಟಿನ ಭರವಸೆ ಕೊಡುವ ಮೀಟರ್ ಸುಳ್ಳು ಹೇಳುತ್ತಿದೆ. ಅಷ್ಟು ವೋಲ್ಟಿಗೆ ನಿಲ್ಲುವ ಅಸಲಿ ಫ್ಯೂಸ್ ಒಂದರ ಬೆಲೆಯೇ ಹಳದಿ ಡಬ್ಬಿಯ ಬೆಲೆಗಿಂತ ಹೆಚ್ಚು.

ಇಷ್ಟೆಲ್ಲ ತಕರಾರು ಒಂದು ಉಪಕರಣಕ್ಕೆ ಯಾಕೆ? ಯಾಕೆಂದರೆ ಮೀಟರ್ ಬಳಸದ ಗ್ಯಾರೇಜಿನ ಬಿಲ್ಲು ಕಟ್ಟುವುದು ಕಾರಿನ ಮಾಲೀಕ. ಬೆಳಿಗ್ಗೆ ಕಾರು ಎಳೆದೆಳೆದು ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಬದಲಾಯಿಸುತ್ತಾರೆ, ಸರಿಹೋಗುವುದಿಲ್ಲ. ಸೆಲ್ಫ್ ಮೋಟರ್ ಬಿಚ್ಚುತ್ತಾರೆ, ಸರಿಹೋಗುವುದಿಲ್ಲ. ಕೊನೆಗೆ ಸಿಗುವುದು ಎಂಜಿನ್ನಿಗೂ ಬಾಡಿಗೂ ನಡುವಿನ ತುಕ್ಕು ಹಿಡಿದ ಅರ್ತ್ ಪಟ್ಟಿ. ಮೀಟರ್ ಇದ್ದಿದ್ದರೆ ಎರಡು ನಿಮಿಷದ ಕೆಲಸ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ, ಒಬ್ಬರು ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿನೊಳಗೆ ತೋರಿಸಬೇಕಾದ್ದು 2 ವೋಲ್ಟ್ ತೋರಿಸಿದರೆ ಕಳ್ಳ ಅಲ್ಲೇ ಇದ್ದಾನೆ. ಕಾರು ರಾತ್ರಿಯೆಲ್ಲ ನಿಂತ ಮೇಲೆ ಬ್ಯಾಟರಿ 12.6 ವೋಲ್ಟಿನ ಹತ್ತಿರವಿದ್ದರೆ ತುಂಬಿದೆ, 12ಕ್ಕೆ ಬಂದಿದ್ದರೆ ಬಹುಪಾಲು ಖಾಲಿ. ಈ ನಾಲ್ಕು ಅಂಕೆ ಗೊತ್ತಿದ್ದ ಗಿರಾಕಿಗೆ ಸುಮ್ಮನೆ ಹೊಸ ಬ್ಯಾಟರಿ ಮಾರುವುದು ಕಷ್ಟ.

ಟೆಸ್ಟ್ ಲ್ಯಾಂಪೇ ಸಾಕು ಎನ್ನುವ ಹಳಬರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದೇ ಎಳೆ ಉಳಿದ ತಂತಿಯಲ್ಲೂ ಮೀಟರ್ 12 ವೋಲ್ಟ್ ತೋರಿಸಬಹುದು, ಬಲ್ಬು ಮಂಕಾಗಿ ಉರಿದು ಗುಟ್ಟು ಹೇಳುತ್ತದೆ. ಆದರೆ ಅದೇ ಬಲ್ಬನ್ನು ಇಸಿಯು ಅಥವಾ ಏರ್‌ಬ್ಯಾಗಿನ ತಂತಿಗೆ ಹಿಡಿದರೆ ಕೆಡುಕಾಗಬಹುದು. ಇಂದಿನ ಕಾರಿನಲ್ಲಿ ಅಂಥ ತಂತಿಗಳೇ ಹೆಚ್ಚು.

ನಾಳಿನ ಕಾರು ಇನ್ನೂ ಬೇರೆ. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ 300 ವೋಲ್ಟಿಗೂ ಮಿಗಿಲಾದ ಡಿ.ಸಿ. ಹರಿಯುತ್ತದೆ. ತರಬೇತಿ ಇಲ್ಲದವರು ಅದರ ಹತ್ತಿರ ಹೋಗಲೇಬಾರದು. ಆದರೆ ‘12 ವೋಲ್ಟು ತಾನೇ’ ಎಂದು ಹಳದಿ ಡಬ್ಬಿ ಹಿಡಿದು ಬೆಳೆದ ಹುಡುಗ ಒಂದು ದಿನ ಆ ಬಾನೆಟ್ಟನ್ನೂ ತೆರೆಯುತ್ತಾನೆ. ಅವನ ಜತೆ ಹೋಗುವುದು ಇಂದು ಕಲಿತ ಅಭ್ಯಾಸ. ಆ ಅಭ್ಯಾಸ ಫ್ಯೂಸಿರುವ ಮೀಟರಿನಲ್ಲಿ, ಪ್ರತಿ ಸಲ ಕಡ್ಡಿ ಯಾವ ತೂತಿನಲ್ಲಿದೆ ಎಂದು ನೋಡಿಕೊಂಡೇ ಮುಟ್ಟಿಸುವ ಕೈಯಲ್ಲಿ ಶುರುವಾಗಬೇಕು. ಮೇಸ್ತ್ರಿಗಳು ಬೀರುವಿನ ಒಳ್ಳೆಯ ಮೀಟರನ್ನು ತೆಗೆದು ಹುಡುಗನ ಕೈಗೆ ಕೊಡಲಿ. ಹಳದಿ ಡಬ್ಬಿ ಬೇಕಾದರೆ ಅವರೇ ಇಟ್ಟುಕೊಳ್ಳಲಿ.