ಮೀನುತೊಟ್ಟಿಗೆ ಪೀಠವೂ ಮುಚ್ಚಿಗೆಯೂ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಆಸೆ ಅನೇಕ ಮನೆಗಳಲ್ಲಿ ಇರುವುದು. ಆದರೆ ತೊಟ್ಟಿಗೆ ತೋರುವ ಅಕ್ಕರೆಯನ್ನು ಅದರ ಪೀಠಕ್ಕೆ ತೋರುವವರು ವಿರಳ. 90 ಸೆಂಟಿಮೀಟರು ಉದ್ದ, 30 ಅಗಲ, 45 ಎತ್ತರದ ತೊಟ್ಟಿಯು ತುಂಬಿದರೆ 121 ಲೀಟರು ನೀರು ಹಿಡಿಯುವುದು. ಗಾಜು, ಮರಳುಗಳ ತೂಕವೂ ಕೂಡಿದರೆ ಒಟ್ಟು ಭಾರವು ಸುಮಾರು 150 ಕಿಲೋಗ್ರಾಮಾಗುವುದು. ಮಕ್ಕಳು ಓಡಾಡುವ ಮನೆಯಲ್ಲಿ ಇಷ್ಟು ಭಾರವನ್ನು ಓಲಾಡುವ ಮೇಜಿನ ಮೇಲಿರಿಸುವುದು ಅಪಾಯವಲ್ಲವೆ?

ಆದುದರಿಂದ ಬಡಗಿಗೆ ನಾವು ಮೊದಲು ಹೇಳತಕ್ಕುದು ಇದು: ಮೇಲಿನ ಚೌಕಟ್ಟು ಕಾಲುಗಳ ತಲೆಯ ಮೇಲೆಯೇ ಕೂಡಬೇಕು, ಭಾರವನ್ನು ಮರವು ಹೊರಬೇಕೇ ಹೊರತು ತಿರುಪುಮೊಳೆಯಲ್ಲ. ಪೀಠವು ಪಕ್ಕಕ್ಕೆ ವಾಲದಂತೆ ಬೆನ್ನಿಗೆ ಹಲಗೆಯನ್ನಾಗಲಿ ಓರೆಪಟ್ಟಿಯನ್ನಾಗಲಿ ಬಿಗಿಯತಕ್ಕುದು. ಮೇಲ್ಮೈಯನ್ನು ರಸಮಟ್ಟವಿಟ್ಟು ಪರೀಕ್ಷಿಸಬೇಕು. ಒಂದು ಮೂಲೆ ತಗ್ಗಿದರೂ ಗಾಜು ಬಿರಿಯಬಹುದು.

ಮುಚ್ಚಿಗೆಯು ಹಗುರವಾಗಿರಲಿ. ಮೇವು ಹಾಕಲು ಮುಂದೆ ಕೀಲುಬಾಗಿಲು, ಆವಿ ಹೊರಬೀಳಲು ಹಿಂದೆ ತೆರಪು ಅವಶ್ಯ. ಒಳಮೈಗೂ ವಾರ್ನಿಷು ಬಳಿಯದಿದ್ದರೆ ಮರವು ತೇವಕ್ಕೆ ಡೊಂಕಾಗುವುದು; ಬಳಿದುದು ಪೂರ್ತಿ ಒಣಗಿ ವಾಸನೆ ಹೋದ ಮೇಲೆಯೇ ಅದನ್ನು ತೊಟ್ಟಿಯ ಮೇಲಿಡತಕ್ಕುದು. ದೀಪದ ತಂತಿಯು ಗೋಡೆಯ ಪ್ಲಗ್ಗಿಗಿಂತ ಕೆಳಕ್ಕೆ ಜೋತು, ಅನಂತರ ಮೇಲೇರಿ ಅದನ್ನು ಸೇರಲಿ. ಆಗ ತಂತಿಯ ಗುಂಟ ಇಳಿದ ನೀರು ತಗ್ಗಿನಲ್ಲಿಯೇ ನೆಲಕ್ಕೆ ತೊಟ್ಟಿಕ್ಕುವುದು. ವಿದ್ಯುತ್ತಿನ ಬಳಿಗೆ ಹೋಗದು.

ಕೆತ್ತನೆಯ ಚೆಲುವು ಆಮೇಲಿನ ಮಾತು. ನೀರು ತುಂಬುವ ಮುನ್ನ ಪೀಠವನ್ನು ಎರಡೂ ಕೈಗಳಿಂದ ಅಲುಗಿಸಿ ನೋಡುವುದನ್ನು ವಾಚಕರು ಮರೆಯಬಾರದೆಂದು ನಮ್ಮ ಬಿನ್ನಹ.