ಯಂತ್ರದ ಕುಂದೂ ಉಳಿಯಬೇಕು

ಗಂಗಾನಗರದಂಥ ಬಡಾವಣೆಯ ಬಾಲಕನು ಇಂದು ಮನೆಯ ಗಣಕಯಂತ್ರದಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಆಡುವಾಗ, ಅದು 1978ರ ಮೂಲ ಆಟವೋ ಕೇವಲ ಅದರ ಹೆಸರೋ ಎಂಬ ಸಂದೇಹ ಅವನಿಗೆ ಹುಟ್ಟುವುದು ವಿರಳ. ಉಪಾಧ್ಯಾಯರು ಅದನ್ನು ಹುಟ್ಟಿಸುವುದು ಒಳಿತು.

ಜಪಾನಿನ ಟೈಟೋ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾಡೊ ರಚಿಸಿದ, ನಾಣ್ಯ ಹಾಕಿ ಆಡುವ ಈ ಆಟದಲ್ಲಿ ಶತ್ರುಗಳು 55. ಇಂಟೆಲ್ 8080 ಸಂಸ್ಕಾರಕದ ಶಕ್ತಿ ಅಲ್ಪವಾದುದರಿಂದ, ಸೆಕೆಂಡಿಗೆ ಸುಮಾರು 60 ಬಾರಿ ಬದಲಾಗುವ ಚಿತ್ರದಲ್ಲಿ ಪ್ರತಿಸಲವೂ ಒಂದೇ ಶತ್ರು ಹೆಜ್ಜೆಯಿಡುತ್ತದೆ. ತುಂಬಿದ ಪಡೆ ಒಮ್ಮೆ ಸರಿಯಲು ಹೆಚ್ಚುಕಡಮೆ ಒಂದು ಸೆಕೆಂಡು ಬೇಕು, ಪಡೆ ಕರಗಿದಂತೆಲ್ಲ ಉಳಿದವು ಚುರುಕಾಗುತ್ತವೆ, ಕಟ್ಟಕಡೆಯದು ಓಡುತ್ತದೆ. ಎದೆಬಡಿತವನ್ನು ಏರಿಸುವ ಈ ಗುಣವು ಯಂತ್ರದ ಬಡತನದ ಫಲ. ನಿಶಿಕಾಡೊ ಅದನ್ನು ತಿದ್ದದೆ ಉಳಿಸಿಕೊಂಡರು.

1980ರಲ್ಲಿ ಅಟಾರಿ ಸಂಸ್ಥೆಯು ಮನೆಯ ಯಂತ್ರಕ್ಕೆ ತಂದ ರೂಪದಲ್ಲಿ ಶತ್ರುಗಳು 36 ಮಾತ್ರ. ಅದು ಹೊಸ ಬರವಣಿಗೆ. ಸೊಗಸಾಗಿಯೇ ಇದೆ, ಆದರೆ ಬೇರೆ. 1997ರಲ್ಲಿ ಆರಂಭವಾದ ‘ಮೇಮ್’ ಎಂಬ ಅನುಕರಣ ತಂತ್ರಾಂಶವು ಆಟವನ್ನು ತಿರುಗಿ ಬರೆಯದೆ, ಸಂಸ್ಕಾರಕವನ್ನೇ ಅನುಕರಿಸಿ ಮೂಲ ಕ್ರಮವಿಧಿಯನ್ನು ಅದರ ಮೇಲೆ ನಡೆಸುತ್ತದೆ. ವೇಗದ ಏರಿಕೆ ತಾನಾಗಿಯೇ ಬರುತ್ತದೆ. ಸದ್ದಿನಲ್ಲಿ ಮಾತ್ರ ಅದು ಬಹುಕಾಲ ಸೋತಿತ್ತು. ಮೂಲದ ಸದ್ದುಗಳು ವಿದ್ಯುನ್ಮಂಡಲಗಳಿಂದಲೇ ಹುಟ್ಟುತ್ತಿದ್ದುದರಿಂದ ನಡೆಸಲು ಕ್ರಮವಿಧಿಯೇ ಇರಲಿಲ್ಲ, ಧ್ವನಿಮುದ್ರಣಗಳನ್ನು ಜೋಡಿಸಬೇಕಾಯಿತು. ಆರಂಭದ ಯಂತ್ರಗಳ ಬಣ್ಣವಾದರೋ ಕಪ್ಪುಬಿಳುಪು ತೆರೆಗೆ ಅಂಟಿಸಿದ ಬಣ್ಣದ ಹಾಳೆಯದು!

ತಾಳೆಗರಿಯ ಪ್ರತಿಯನ್ನು ಮುಂದಿಟ್ಟುಕೊಳ್ಳದೆ ವಚನದ ಪಾಠವನ್ನು ನಿರ್ಣಯಿಸಲು ಯಾವ ಸಂಪಾದಕನೂ ಒಪ್ಪನು. ಶಾಲೆಗಳಿಗೆ ಹೊಸ ಗಣಕಯಂತ್ರಗಳನ್ನು ನೀಡುವ ಉದಾರಿಗಳು, ಹಳೆಯದೊಂದನ್ನು ಅದರ ಗಾಜಿನ ತೆರೆಯ ಸಹಿತ ಗುಜರಿಗೆ ಹೋಗದಂತೆ ಕಾಯ್ದಿರಿಸಲು ಒಂದು ಮೇಜಿನ ವೆಚ್ಚವನ್ನೂ ವಹಿಸಿಕೊಳ್ಳಲಿ.