ಅದೃಷ್ಟಕ್ಕೆ ಸಲ್ಲಬೇಕಾದ ಪಾಲು

ಎರಡು ಕೋಡಿನ ಗರ್ಭಕೋಶ ಇರುವ ಹೆಂಗಸು ದಿನ ತುಂಬಿ ಹೆತ್ತು, ‘ನನ್ನ ಅದೃಷ್ಟ ಚೆನ್ನಾಗಿತ್ತು’ ಎಂದರೆ ಸುತ್ತಲಿನವರು ಸುಲಭಕ್ಕೆ ಒಪ್ಪುವುದಿಲ್ಲ. ಅತ್ತೆ ಮನೆದೇವರ ಹೆಸರು ಹೇಳುತ್ತಾರೆ, ಗಂಡ ಡಾಕ್ಟರ ಹೆಸರು. ಗೆಳತಿಯರು ‘ಅಷ್ಟು ಜೋಪಾನವಾಗಿದ್ದೆಯಲ್ಲ, ಅದಕ್ಕೇ’ ಎನ್ನುತ್ತಾರೆ. ಮೂರರಲ್ಲಿ ಕೇಳಲು ಹಿತವಾದದ್ದು ಕೊನೆಯ ಮಾತು. ನನಗೆ ಹೆಚ್ಚು ಅಪಾಯಕಾರಿ ಎನಿಸುವುದೂ ಅದೇ.

ಹೆಣ್ಣು ಭ್ರೂಣದಲ್ಲಿ ಗರ್ಭಕೋಶ ಒಂದೇ ಅಂಗವಾಗಿ ಮೂಡುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ಮುಲ್ಲೇರಿಯನ್ ನಾಳಗಳು ಬೆಳೆದು, ಕೆಳಭಾಗದಲ್ಲಿ ಕೂಡಿಕೊಂಡು, ಆಮೇಲೆ ನಡುವಿನ ಗೋಡೆ ಕರಗಬೇಕು. ಕೂಡುವುದು ಅರ್ಧಕ್ಕೆ ನಿಂತರೆ ಎರಡು ಕೋಡು. ಗೋಡೆ ಕರಗದಿದ್ದರೆ ಒಳಗೊಂದು ಪರದೆ. ಒಂದು ನಾಳ ಬೆಳೆಯದೇ ಹೋದರೆ ಗರ್ಭಕೋಶವೇ ಅರ್ಧ. ಇದೆಲ್ಲ ತೀರ್ಮಾನವಾಗುವುದು ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸಾಮಾನ್ಯ ಮಹಿಳೆಯರಲ್ಲಿ ಸುಮಾರು ಶೇ. 5.5ರಷ್ಟು ಮಂದಿಗೆ ಇಂಥ ಯಾವುದೋ ಒಂದು ವ್ಯತ್ಯಾಸ ಇರುತ್ತದೆ, ಗರ್ಭಪಾತವಾದವರಲ್ಲಿ ಶೇ. 13ರಷ್ಟು. ಎಷ್ಟೋ ಮಂದಿಗೆ ಸ್ಕ್ಯಾನಿಂಗ್ ಕೋಣೆಯಲ್ಲೋ ಸಿಜೇರಿಯನ್ ಟೇಬಲ್ ಮೇಲೋ ಮೊದಲ ಬಾರಿ ಗೊತ್ತಾಗುತ್ತದೆ. ಗೊತ್ತೇ ಆಗದೆ ಮೂರು ಹೆತ್ತವರೂ ಇದ್ದಾರು.

ಹಾಗೆಂದು ಅಪಾಯ ಸಣ್ಣದಲ್ಲ. ಗರ್ಭ ಇಳಿದುಹೋಗಬಹುದು, ಮಗು ತಲೆ ಕೆಳಗಾಗಿ ತಿರುಗಲು ಜಾಗವಿಲ್ಲದೆ ಉಳಿಯಬಹುದು, ದಿನ ತುಂಬುವ ಮೊದಲೇ ನೋವು ಬರಬಹುದು. ಆದರೆ ಒಂದೇ ಆಕಾರದ ಗರ್ಭಕೋಶವಿದ್ದ ಇಬ್ಬರಲ್ಲಿ ಒಬ್ಬಳದು ನಿಂತು ಇನ್ನೊಬ್ಬಳದು ಏಕೆ ನಿಲ್ಲಲಿಲ್ಲ ಎಂದು ಕೇಳಿದರೆ ಪ್ರಾಮಾಣಿಕ ವೈದ್ಯರು ಬಹುಪಾಲು ಸುಮ್ಮನಾಗುತ್ತಾರೆ. ಪರದೆಯನ್ನು ಕತ್ತರಿಸಿ ತೆಗೆದರೆ ಸರಿಹೋಗುತ್ತದೆ ಎಂದು ವರ್ಷಗಟ್ಟಲೆ ನಂಬಿದ್ದರು. ನೆದರ್ಲೆಂಡ್ಸ್ ವೈದ್ಯರ ನೇತೃತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಟ್ರಸ್ಟ್ ಎಂಬ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಶೇ. 31, ಮಾಡಿಸಿಕೊಳ್ಳದವರಲ್ಲಿ ಶೇ. 35 ಮಂದಿ ಜೀವಂತ ಮಗುವನ್ನು ಹೆತ್ತರು. ಒಟ್ಟು 80 ಮಹಿಳೆಯರ ಸಣ್ಣ ಪ್ರಯೋಗ, ಅದನ್ನೇ ಕೊನೆಯ ಮಾತು ಎನ್ನಲಾಗದು. ಆದರೂ ಕತ್ತರಿ ಹಿಡಿದವರ ಆತ್ಮವಿಶ್ವಾಸವನ್ನು ಅದು ತುಸು ಅಲುಗಾಡಿಸಿತು.

ತಜ್ಞರ ಸ್ಥಿತಿಯೇ ಹೀಗಿರುವಾಗ ‘ಜೋಪಾನ’ಕ್ಕೆ ಅಷ್ಟು ದೊಡ್ಡ ಪಾಲು ಕೊಡುವುದು ಹೇಗೆ? ಹಾಸಿಗೆ ಹಿಡಿದು ಮಲಗುವುದರಿಂದ ಗರ್ಭಪಾತ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ತಿಂಗಳುಗಟ್ಟಲೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಹೆತ್ತವಳನ್ನು ಜೋಪಾನಕ್ಕಾಗಿ ಹೊಗಳಿದ ಬಾಯಿಯೇ ಕಳೆದುಕೊಂಡವಳನ್ನು ‘ಕೊಡ ಎತ್ತಿದ್ದೆಯಾ? ಪಪ್ಪಾಯಿ ತಿಂದಿದ್ದೆಯಾ? ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ?’ ಎಂದು ಕೇಳುತ್ತದೆ. ಆ ಹೊಗಳಿಕೆಯ ಬೆಲೆಯನ್ನು ತೆರುವವಳು ಈ ಎರಡನೆಯವಳು. ‘ಅದೃಷ್ಟ’ ಎಂದು ಒಪ್ಪಿಕೊಂಡ ತಾಯಿ, ತಿಳಿದೋ ತಿಳಿಯದೆಯೋ, ಅವಳನ್ನು ಆ ಕಟಕಟೆಯಿಂದ ಇಳಿಸುತ್ತಾಳೆ.

ಎಲ್ಲವನ್ನೂ ಅದೃಷ್ಟದ ಮೇಲೆ ಹಾಕಿದರೆ ಆಸ್ಪತ್ರೆಗಳು ಹೊಣೆಯಿಂದ ಜಾರಿಕೊಳ್ಳುತ್ತವೆ ಎಂಬ ಆಕ್ಷೇಪ ಇದ್ದೇ ಇದೆ, ಅದು ನಿಜವೂ ಹೌದು. ಭ್ರೂಣ ಎಲ್ಲಿ ಅಂಟಿಕೊಳ್ಳಬೇಕೆಂದು ಯಾರೂ ಹೇಳಲಾರರು. ಆದರೆ 34 ವಾರಕ್ಕೆ ಮೊದಲೇ ಹೆರಿಗೆಯ ಸೂಚನೆ ಕಂಡರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದು ಮನುಷ್ಯರ ಕೈಯಲ್ಲಿದೆ. ಅದು ಮಗುವಿನ ಶ್ವಾಸಕೋಶಕ್ಕೆ ಬಲ ಕೊಡುತ್ತದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವೀ 1972ರಲ್ಲೇ ತೋರಿಸಿದ್ದರು. ನಾಳಗಳ ಜೊತೆಜೊತೆಗೇ ಮೂತ್ರಪಿಂಡವೂ ರೂಪುಗೊಳ್ಳುವುದರಿಂದ ಇಂಥವರಲ್ಲಿ ಕೆಲವರಿಗೆ ಒಂದೇ ಮೂತ್ರಪಿಂಡ ಇರುತ್ತದೆ. ಅದನ್ನು ನೋಡಲು ಸ್ಕ್ಯಾನಿಂಗ್ ಯಂತ್ರವನ್ನು ಹೊಟ್ಟೆಯ ಪಕ್ಕಕ್ಕೆ ಸರಿಸಿದರಾಯಿತು. ಬೆಂಗಳೂರಿನ ಬಸುರಿಗೆ ಆಟೋ ದೂರದಲ್ಲಿರುವ ನವಜಾತ ಶಿಶು ಘಟಕ ಮಲೆನಾಡಿನ ಬಸುರಿಗೆ ಘಟ್ಟದ ರಸ್ತೆಯಾಚೆ ಇದ್ದರೆ ಅದನ್ನು ಅದೃಷ್ಟ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಅದು ಬಜೆಟ್ಟಿನ ವಿಷಯ.

ಅದೃಷ್ಟವನ್ನು ಅದೃಷ್ಟವೆಂದೇ ತಿಳಿದವಳಿಗೆ ಇನ್ನೊಂದು ಅನುಕೂಲ ಎರಡನೆಯ ಬಸುರಿನಲ್ಲಿ ಕಾಣುತ್ತದೆ. ‘ಮೊದಲನೇದು ಸಲೀಸಾಗಿ ಆಯ್ತಲ್ಲ, ಇನ್ನೇನು ಭಯ’ ಎಂದು ಮನೆಯವರು ನಿರಾಳವಾಗಿರುತ್ತಾರೆ. ಗರ್ಭಕೋಶದ ಆಕಾರ ಮಾತ್ರ ಬದಲಾಗಿರುವುದಿಲ್ಲ. ಆಕೆ ಹಳೆಯ ರಿಪೋರ್ಟುಗಳನ್ನು ಬ್ಯಾಗಿಗೆ ಹಾಕಿಕೊಂಡು, ಗರ್ಭಕೋಶದ ಬಾಯಿಯ ಉದ್ದ ಅಳೆಸಲು ಈ ಸಲವೂ ಹೋಗುತ್ತಾಳೆ.